ದವನದ ಹುಣ್ಣಿಮೆ ಕಳೆದ ರವಿವಾರ

ಹುನ್ನೂರು, ಜಮಖಂಡಿ, ಮುಧೋಳದ ಸೀಮೆಯಲ್ಲಿ ವರ್ಷ ಸಾಗುವುದು ಕಾರಹುಣ್ಣಿಮೆ, ಶೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಗಳ ಲೆಕ್ಕದಲ್ಲಿ. ಇದೇ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡಕ್ಕೆ 1851ರಲ್ಲಿ ಬಾಸೆಲ್ ಮಿಶನ್ ಕಾಲಿಟ್ಟಾಗ ಆ ನೇಕಾರರ ಊರಿಗೆ ಇನ್ನೊಂದು ವರ್ಷಚಕ್ರವೂ ಬಂತು: ಕ್ರಿಸ್ತನ ಆಗಮನಕ್ಕೆ ಕಾಯುವ ನಾಲ್ಕು ರವಿವಾರ, ಕ್ರಿಸ್ಮಸ್, ನಲವತ್ತು ದಿನದ ಉಪವಾಸ, ಶುಭ ಶುಕ್ರವಾರ, ಈಸ್ಟರ್, ಪಂಚಾಶತ್ತಮ. ಇದು ಯುರೋಪಿನ ಹವೆಗೆ ಹೊಲಿದ ಅಂಗಿ, ನಮ್ಮ ಮೈಗೆ ಒಗ್ಗದು ಎಂಬ ಮಾತನ್ನು ಕೆಲವು ಕ್ರೈಸ್ತರೂ ಆಡುತ್ತಾರೆ. ಆದರೆ ಈ ಚಕ್ರದ ಅಚ್ಚು ಇರುವುದು ಈಸ್ಟರಿನಲ್ಲಿ, ಈಸ್ಟರಿನ ಬೇರು ಇರುವುದು ಪಶ್ಚಿಮ ಏಷ್ಯಾದಲ್ಲಿ, ಜವೆಗೋಧಿ ಕೊಯ್ಲಿನ ಹೊತ್ತಿಗೆ ಯೆಹೂದ್ಯರು ಆಚರಿಸುತ್ತಿದ್ದ ಪಸ್ಕ ಹಬ್ಬದಲ್ಲಿ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಕೂಡಿದ ಬಿಷಪರ ಪರಿಷತ್ತು ಎಲ್ಲ ಕ್ರೈಸ್ತ ಸಭೆಗಳೂ ಈಸ್ಟರನ್ನು ಒಂದೇ ದಿನ ಆಚರಿಸಬೇಕೆಂದಿತು. ಮುಂದೆ ನೆಲೆಗೊಂಡ ಲೆಕ್ಕದಂತೆ ಅದು ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ರವಿವಾರ. 2023ರಲ್ಲಿ ದವನದ ಹುಣ್ಣಿಮೆ ಏಪ್ರಿಲ್ 6ಕ್ಕೆ, ಈಸ್ಟರ್ 9ಕ್ಕೆ. 2024ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 25ಕ್ಕೆ, ಈಸ್ಟರ್ 31ಕ್ಕೆ. ಹುಣ್ಣಿಮೆ ನೋಡಿ ಹಬ್ಬ ಗೊತ್ತುಮಾಡುವ ಜನಕ್ಕೆ ಇದರಲ್ಲಿ ಪರಕೀಯವಾದದ್ದೇನು? ಕ್ರಿಸ್ಮಸ್ ಕಾರ್ಡಿನ ಹಿಮ ಪರದೇಶದ್ದು, ಒಪ್ಪೋಣ. ಆದರೆ ಬಿಳಿಜೋಳ ಹೊಲದಲ್ಲಿ ನಿಂತು ತೆನೆಗಟ್ಟುವ ದಿನಗಳಲ್ಲೇ ಆಗಮನದ ನಿರೀಕ್ಷೆಯೂ ಬರುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೈಬಲಿನೊಳಗಿನದೇ. ದಿನ, ತಿಂಗಳು, ಕಾಲಗಳನ್ನು ಆಚರಿಸುತ್ತೀರೆಂದು ಪೌಲನು ಗಲಾತ್ಯದವರನ್ನು ಗದರಿಸಿದ್ದನ್ನು ಹಿಡಿದು ಇಂಗ್ಲೆಂಡಿನ ಪ್ಯೂರಿಟನ್ನರು 1647ರಲ್ಲಿ ಕ್ರಿಸ್ಮಸ್, ಈಸ್ಟರ್ ಎರಡನ್ನೂ ಸಂಸತ್ತಿನಿಂದಲೇ ರದ್ದು ಮಾಡಿಸಿದರು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಹಿಂದೆ ಇದ್ದದ್ದೂ ಬಹುಮಟ್ಟಿಗೆ ಅದೇ ಪರಂಪರೆ. ಆದರೆ ದಿನ ಆಚರಿಸಿದರೆ ಮುಕ್ತಿ ಸಿಗುತ್ತದೆಂಬ ನಂಬಿಕೆಯನ್ನು ಪೌಲ ಖಂಡಿಸಿದನೇ ಹೊರತು ನೆನಪಿಗೊಂದು ಕ್ರಮ ಹಾಕಿಕೊಳ್ಳುವುದನ್ನಲ್ಲ. ಓದು ಬಲ್ಲವರು ವಿರಳವಾಗಿದ್ದ ಸಭೆಯಲ್ಲಿ ಆ ಕ್ರಮ ಇಲ್ಲದಿದ್ದರೆ ಜನ ಕೇಳುವುದು ಬೋಧಕರಿಗೆ ಹಿಡಿಸಿದ ನಾಲ್ಕು ಅಧ್ಯಾಯಗಳನ್ನೇ. ವರ್ಷಚಕ್ರವಿದ್ದರೆ ಜನನದಿಂದ ಪುನರುತ್ಥಾನದವರೆಗಿನ ಕಥೆ ವರ್ಷಕ್ಕೊಮ್ಮೆ ಎಲ್ಲರ ಕಿವಿಗೂ ಬೀಳುತ್ತದೆ. ಬೋಧಕರು ತಪ್ಪಿಸಿಕೊಳ್ಳಬಯಸುವ ಶುಭ ಶುಕ್ರವಾರವನ್ನೂ ಅದು ತಪ್ಪಿಸಗೊಡುವುದಿಲ್ಲ. ಶ್ರಾವಣದಲ್ಲಿ ತಿಂಗಳುದ್ದಕ್ಕೂ ಮಠಗಳಲ್ಲಿ ಪುರಾಣ ನಡೆಯುವ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಸಭೆಗಳು ದಕ್ಷಿಣ ಭಾರತ ಸಭೆಯಾಗಿ ಕೂಡಿದ್ದು, ಒಪ್ಪದ ಆರಾಧನಾ ಕ್ರಮವನ್ನು ಯಾರ ಮೇಲೂ ಹೇರುವುದಿಲ್ಲವೆಂಬ ಭರವಸೆಯ ಮೇಲೆ. ಹಾಗಿದ್ದೂ 1963ರ ಅದರ ಆರಾಧನಾ ಪುಸ್ತಕದಲ್ಲಿ ವರ್ಷದ ರವಿವಾರಗಳಿಗೆಲ್ಲ ಪಾಠಗಳು ಸೇರಿದವು. ಪ್ಯೂರಿಟನ್ನರ ವಾರಸುದಾರರಾದ ಕಾಂಗ್ರಿಗೇಶನಲ್ ಜನರೂ ಪಾಲ್ಗೊಂಡ ಸಭೆಯೇ ಈ ವರ್ಷಚಕ್ರವನ್ನು ತನ್ನದಾಗಿಸಿಕೊಂಡಿತು.