ತಾತ್ಕಾಲಿಕ ಪೆಟ್ಟಿಗೆಯ ದೀರ್ಘಾಯುಷ್ಯ: ಕೈಗಾರಿಕಾ ಗೇಟ್‌ವೇ ಚರಿತ್ರೆಯ ಕೆಲವು ಘಟ್ಟಗಳು

ಮಂಗಳೂರಿನ ಉರ್ವದಿಂದ ಉತ್ತರಕ್ಕೆ ಹೊರಟು, ಕೊಟ್ಟಾರ ಚೌಕಿಯಲ್ಲಿ ಹೆದ್ದಾರಿ ಹಿಡಿದು, ಕೂಳೂರಿನಲ್ಲಿ ಫಲ್ಗುಣಿ ದಾಟಿದರೆ ಕರಾವಳಿಯ ದೊಡ್ಡ ಕಾರ್ಖಾನೆಗಳ ಸಾಲು ಶುರುವಾಗುತ್ತದೆ. ಪಣಂಬೂರಿನ ರಸಗೊಬ್ಬರ ಕಾರ್ಖಾನೆ ಎಂಸಿಎಫ್ 1976ರದು. ಕುದುರೆಮುಖ ಕಂಪನಿಯ ಪೆಲೆಟ್ ಸ್ಥಾವರ 1987ರದು. ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್ 1996ರದು. ಅಳತೆ ಮತ್ತು ನಿಯಂತ್ರಣ ತಂತ್ರಜ್ಞಾನದ ಚರಿತ್ರೆಯಲ್ಲಿ ಈ ಮೂರು ಇಸವಿಗಳು ಮೂರು ಬೇರೆ ಬೇರೆ ಘಟ್ಟಗಳಿಗೆ ಸೇರುತ್ತವೆ. ಒತ್ತಡ, ಉಷ್ಣತೆಗಳನ್ನು ಅಳೆದು ಕಳಿಸಲು ಪ್ಲಾಂಟಿನಲ್ಲಿ ಕೂರಿಸಿದ ಟ್ರಾನ್ಸ್‌ಮಿಟರ್ ಇಪ್ಪತ್ತು ವರ್ಷ ಬಾಳಿದರೆ ಅಚ್ಚರಿಯಿಲ್ಲ. ಕಂಟ್ರೋಲ್ ರೂಮಿನ ಕಂಪ್ಯೂಟರ್ ಅಷ್ಟು ಬಾಳುವುದಿಲ್ಲ. ಹಳೆಯ ಉಪಕರಣದ ಮಾತನ್ನು ಹೊಸ ಜಾಲಕ್ಕೆ ಅನುವಾದಿಸುವ ಪೆಟ್ಟಿಗೆಯಾದ ಗೇಟ್‌ವೇಯ ಮೂಲವನ್ನು ಈ ಆಯುಷ್ಯದ ಅಂತರದಲ್ಲೇ ಹುಡುಕಬೇಕೆಂಬುದು ನನ್ನ ವಾದ.

ಎಂಸಿಎಫ್ ಆರಂಭವಾದ ಕಾಲದಲ್ಲಿ ಜಗತ್ತಿನ ಪ್ಲಾಂಟುಗಳಲ್ಲಿ ಎರಡು ಸಂಕೇತಗಳು ಅಕ್ಕಪಕ್ಕ ಬದುಕಿದ್ದವು: 3ರಿಂದ 15 ಪಿಎಸ್‌ಐ ಗಾಳಿಯ ಒತ್ತಡ, 4ರಿಂದ 20 ಮಿಲಿಆಂಪಿಯರ್ ವಿದ್ಯುತ್. ಹನಿವೆಲ್‌ನ ಟಿಡಿಸಿ 2000 ಮತ್ತು ಯೊಕೊಗಾವಾದ ಸೆಂಟಮ್, ಅಂದರೆ ಮೊದಲ ಡಿಸಿಎಸ್‌ಗಳು (ವಿತರಿತ ನಿಯಂತ್ರಣ ವ್ಯವಸ್ಥೆಗಳು), ಹಿಂದಿನ ವರ್ಷವಷ್ಟೇ ಬಂದಿದ್ದವು. ಒಂದು ಜೋಡಿ ತಂತಿಯಲ್ಲಿ ಒಂದೇ ಅಳತೆ. ಉಪಕರಣಕ್ಕೆ ಬೇರೇನೂ ಹೇಳಲು ದಾರಿಯಿರಲಿಲ್ಲ.

ಎಂಬತ್ತರ ದಶಕದ ಮಧ್ಯದಲ್ಲಿ ರೋಸ್‌ಮೌಂಟ್ ಕಂಪನಿಯ ಹಾರ್ಟ್ ಪ್ರೋಟೊಕಾಲ್ ಆ ದಾರಿ ತೆರೆಯಿತು. ಮಿಲಿಆಂಪಿಯರ್ ಪ್ರವಾಹದ ಮೇಲೆಯೇ 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರಗಳನ್ನು ಹೇರುವುದು ಅದರ ಜಾಣ್ಮೆ. ಆ ಸ್ವರಗಳ ಸರಾಸರಿ ಸೊನ್ನೆಯಾದ್ದರಿಂದ ಮೂಲ ಅಳತೆ ಕದಲುವುದಿಲ್ಲ. ಆದರೆ ಆಗಿನ ಹೆಚ್ಚಿನ ಇನ್‌ಪುಟ್ ಕಾರ್ಡುಗಳು ಪ್ರವಾಹವನ್ನಷ್ಟೇ ಓದುತ್ತಿದ್ದವು. ಹಾಗಾಗಿ ಉಪಕರಣದ ದೋಷಸೂಚನೆ ಟೆಕ್ನಿಷಿಯನ್‌ನ ಕೈಯಲ್ಲಿರುವ ಕಮ್ಯುನಿಕೇಟರಿಗೆ ಸಿಗುತ್ತಿತ್ತು, ಆಪರೇಟರಿಗೆ ಸಿಗುತ್ತಿರಲಿಲ್ಲ. ಈ ಕೊರತೆ ತುಂಬಲು ಬಂದ ಹಾರ್ಟ್ ಮಲ್ಟಿಪ್ಲೆಕ್ಸರನ್ನು ನಾನು ಗೇಟ್‌ವೇ ವಂಶದ ಹಿರಿಯನೆಂದು ಪರಿಗಣಿಸುತ್ತೇನೆ. ಹಾರ್ಟ್‌ನ ವೇಗ ಸೆಕೆಂಡಿಗೆ 1200 ಬಿಟ್, ಅಂದರೆ ಎರಡು ಮೂರು ಪ್ರಶ್ನೋತ್ತರ ಮಾತ್ರ. 32 ಉಪಕರಣಗಳನ್ನು ಸರದಿಯಲ್ಲಿ ಕೇಳಿ ಮುಗಿಸಲು ಹತ್ತು ಸೆಕೆಂಡಿಗೂ ಮೇಲೆ ಬೇಕು. ನಿಯಂತ್ರಣಕ್ಕೆ ಇದು ಸಾಲದು, ನಿರ್ವಹಣೆಗೆ ಸಾಕು.

ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ 1973ರಲ್ಲೇ ಹುಟ್ಟಿ 1983ರಲ್ಲಿ ಮಾನಕವಾಗಿದ್ದರೂ ಟ್ಯಾಂಕಿನ ಬುಡದ ಉಪಕರಣಗಳವರೆಗೆ ಬರಲಿಲ್ಲ. ಕಚೇರಿಗಳಲ್ಲಿ ರೂಢಿಯಾದ ತಾಮ್ರದ ಕೇಬಲ್ ನೂರು ಮೀಟರಿಗೆ ಮುಗಿಯುತ್ತದೆ. ಸ್ಫೋಟಕ ಆವಿಯ ಜಾಗದಲ್ಲಿ ಕಿಡಿ ಹಾರದಷ್ಟು ಮಿತ ವಿದ್ಯುತ್ತನ್ನು ಸಂಕೇತದೊಂದಿಗೆ ಎರಡೇ ತಂತಿಯಲ್ಲಿ ಒಯ್ಯುವ ವ್ಯವಸ್ಥೆ ಅದರಲ್ಲಿರಲಿಲ್ಲ. ಪ್ಲಾಂಟಿನ ಉಪಕರಣಗಳಿಗೆಂದೇ ರೂಪಿಸಿದ ಫೌಂಡೇಶನ್ ಫೀಲ್ಡ್‌ಬಸ್‌ನ ಎಚ್1 ಜಾಲ ಇದನ್ನು ಸಾಧಿಸಿತು: ವೇಗ ಸೆಕೆಂಡಿಗೆ ಬರೀ 31.25 ಕಿಲೊಬಿಟ್, ಆದರೆ ಸುಮಾರು 1900 ಮೀಟರ್ ದೂರ. ಜರ್ಮನಿಯ ಪ್ರೊಫಿಬಸ್ ಪ್ರತಿಸ್ಪರ್ಧಿಯಾಯಿತು. ವರ್ಷಗಟ್ಟಲೆ ಜಗಳದ ನಂತರ ಸಹಸ್ರಮಾನದ ತಿರುವಿನಲ್ಲಿ ಬಂದ ಐಇಸಿ 61158 ಮಾನಕ ಎಂಟು ಬಗೆಯ ಜಾಲಗಳನ್ನು ಒಟ್ಟಿಗೆ ಒಪ್ಪಿಕೊಂಡಿತು, ಒಂದಕ್ಕೊಂದು ಹೊಂದದಿದ್ದರೂ. ಗೇಟ್‌ವೇ ತಯಾರಕರಿಗೆ ಇದಕ್ಕಿಂತ ಸಿಹಿಸುದ್ದಿ ಬೇಕಿರಲಿಲ್ಲ.

ಗೇಟ್‌ವೇಯ ಮೇಲುಗಡೆ, ಈಥರ್ನೆಟ್‌ನ ಕಡೆಯಲ್ಲಿ, ಗೆದ್ದದ್ದು ಎಲ್ಲಕ್ಕಿಂತ ಬಡವನೆನ್ನಬಹುದಾದ ಮಾಡ್‌ಬಸ್. 1979ರಲ್ಲಿ ಮೋಡಿಕಾನ್ ರೂಪಿಸಿದ ಇದು 1999ರಲ್ಲಿ ಈಥರ್ನೆಟ್ ಮೇಲೆ ಓಡುವ ಟಿಸಿಪಿ ಅವತಾರ ತಾಳಿತು. ತುಂಬೆಯ ನೇತ್ರಾವತಿ ನೀರನ್ನು ಉರ್ವದ ನಲ್ಲಿಗೆ ತಲುಪಿಸುವಂಥ ನಗರ ಜಾಲಗಳಲ್ಲಿ ಪಂಪ್‌ಹೌಸುಗಳು ದೂರದೂರ ಹರಡಿರುತ್ತವೆ; ಅಂಥ ಕಡೆ ಫ್ಲೋಮೀಟರ್, ಎನರ್ಜಿ ಮೀಟರುಗಳನ್ನು ಜೋಡಿಸಲು ಮಾಡ್‌ಬಸ್ಸಿನಷ್ಟು ಅಗ್ಗದ್ದು ಸಿಗುವುದಿಲ್ಲ. ಬೆಲೆ ತೆರುವುದು ಬೇರೆ ಕಡೆ. ಫೀಲ್ಡ್‌ಬಸ್ ಉಪಕರಣ ಒತ್ತಡದ ಸಂಖ್ಯೆಯ ಜತೆಗೆ ಅದನ್ನು ಎಷ್ಟು ನಂಬಬಹುದೆಂಬ ಸ್ಥಿತಿಸೂಚನೆಯನ್ನೂ ಕಳಿಸುತ್ತದೆ. ಮಾಡ್‌ಬಸ್‌ನಲ್ಲಿ ಸಂಖ್ಯೆಗೆಂದು ಇರುವುದು 16 ಬಿಟ್‌ಗಳ ರಿಜಿಸ್ಟರ್ ಮಾತ್ರ. 32 ಬಿಟ್‌ಗಳ ದಶಮಾಂಶ ಸಂಖ್ಯೆಯನ್ನು ಗೇಟ್‌ವೇ ಎರಡಾಗಿ ಸೀಳುತ್ತದೆ. ಯಾವ ತುಂಡು ಮೊದಲೆಂಬುದು ತಯಾರಕರಿಂದ ತಯಾರಕರಿಗೆ ಬೇರೆ. ತಪ್ಪಿದರೆ ಪರದೆಯ ಮೇಲೆ ಅರ್ಥವಿಲ್ಲದ ಅಂಕಿ. ಸ್ಥಿತಿಸೂಚನೆಗೆ ಎಂಜಿನಿಯರ್ ಪ್ರತ್ಯೇಕ ರಿಜಿಸ್ಟರ್ ಕೊಡದಿದ್ದರೆ ಅದು ದಾರಿಯಲ್ಲೇ ಉಳಿಯಿತು. ಕೆಟ್ಟ ಸೆನ್ಸರಿನ ಅಂಕಿಯೂ ಆಗ ಒಳ್ಳೆಯದರಂತೆಯೇ ಕಾಣುತ್ತದೆ.

ಮಾಡ್‌ಬಸ್‌ನ ಮೂಲ ರೂಪದಲ್ಲಿ ಆಜ್ಞೆ ಯಾರದೆಂದು ಪರೀಕ್ಷಿಸುವ ಏರ್ಪಾಡೂ ಇಲ್ಲ. ಸೀರಿಯಲ್ ತಂತಿ ಕಾರ್ಖಾನೆಯೊಳಗೇ ಇದ್ದಾಗ ಅದೊಂದು ಸಮಸ್ಯೆಯೆನಿಸಿರಲಿಲ್ಲ. ಈಥರ್ನೆಟ್ ಅದನ್ನು ಹೊರಗಿನವರ ಕೈಗೆಟಕಿಸಿತು. 2015ರ ಡಿಸೆಂಬರ್ 23ರಂದು ಉಕ್ರೇನಿನ ವಿದ್ಯುತ್ ಜಾಲದ ಮೇಲೆ ದಾಳಿ ಮಾಡಿದವರು ಬ್ರೇಕರುಗಳನ್ನು ತೆರೆದದ್ದಷ್ಟೇ ಅಲ್ಲ, ಸಬ್‌ಸ್ಟೇಷನ್ನುಗಳಲ್ಲಿದ್ದ, ಗೇಟ್‌ವೇ ವಂಶದವೇ ಆದ ಸೀರಿಯಲ್–ಈಥರ್ನೆಟ್ ಪರಿವರ್ತಕಗಳ ಫರ್ಮ್‌ವೇರನ್ನೂ ಅಳಿಸಿ ಬರೆದರು. ಸಿಬ್ಬಂದಿ ಸ್ಥಳಕ್ಕೇ ಹೋಗಿ ಕೈಯಿಂದ ಬ್ರೇಕರ್ ಹಾಕಬೇಕಾಯಿತು. ಯಾರೂ ಲೆಕ್ಕಕ್ಕಿಡದ ಪೆಟ್ಟಿಗೆಯ ಬೆಲೆಯನ್ನು ದಾಳಿಕೋರರು ಮಾತ್ರ ಸರಿಯಾಗಿ ಅಂದಾಜಿಸಿದ್ದರು.

 2021ರಲ್ಲಿ ಈಥರ್ನೆಟ್-ಎಪಿಎಲ್ ಹೊರಬಂತು: ಎರಡೇ ತಂತಿ, ಸೆಕೆಂಡಿಗೆ 10 ಮೆಗಾಬಿಟ್, ಸಾವಿರ ಮೀಟರುಗಳವರೆಗಿನ ಮುಖ್ಯ ಕೇಬಲ್, ಸ್ಫೋಟಕ ವಲಯಕ್ಕೂ ಒಪ್ಪುವ ವಿದ್ಯುತ್. ಈಥರ್ನೆಟ್ ಕೊನೆಗೂ ಟ್ರಾನ್ಸ್‌ಮಿಟರನ್ನೇ ಮುಟ್ಟಿತಾದ್ದರಿಂದ ಗೇಟ್‌ವೇ ಕಾಲ ಮುಗಿಯಿತೆಂಬ ಮಾತು ಕೇಳಿಬರುತ್ತದೆ. ಆದರೆ ಎಪಿಎಲ್ ಸ್ವಿಚ್ಚುಗಳ ಪೈಕಿ ಕೆಲವು ಹಳೆಯ ಪ್ರೊಫಿಬಸ್ ಪಿಎ ಉಪಕರಣಗಳನ್ನೂ ಜೋಡಿಸಿಕೊಳ್ಳುತ್ತವೆ. ಪ್ಯಾನೆಲಿನಲ್ಲಿ ಬೇರೆಯಾಗಿ ಕಾಣುತ್ತಿದ್ದ ಗೇಟ್‌ವೇ ಅಲ್ಲಿ ಸ್ವಿಚ್ಚಿನೊಳಗೆ ಸೇರಿಕೊಂಡು ಮೊದಲಿನ ಕೆಲಸವನ್ನೇ ಮಾಡುತ್ತಿದೆ.