ಹಾದಿಯಿದ್ದ ದ್ವೀಪ, ಹಾದಿಯಿಲ್ಲದ ದ್ವೀಪ

ಧರ್ಮಕೇಂದ್ರದ ಚರಿತ್ರೆ ಬರೆಯುವಾಗ ನಾವು ಸಾಮಾನ್ಯವಾಗಿ ಅಸ್ತಿಭಾರದ ಕಲ್ಲು, ಗಂಟೆಗೋಪುರ, ಪಾಲಕ ಸಂತರ ಪ್ರತಿಮೆ ಮತ್ತು ಸೇವೆ ಸಲ್ಲಿಸಿದ ಗುರುಗಳ ಹೆಸರುಗಳನ್ನು ದಾಖಲಿಸುತ್ತೇವೆ. ಭಕ್ತಜನರು ಯಾವ ಹಾದಿಯಲ್ಲಿ ನಡೆದು ದೇವಾಲಯಕ್ಕೆ ಬಂದರು, ಗುರುಗಳು ಯಾವ ಹಾದಿಯಲ್ಲಿ ರೋಗಿಯ ಮನೆಗೆ ಹೋದರು ಎಂಬುದು ಆ ದಾಖಲೆಯಲ್ಲಿ ಅಷ್ಟಾಗಿ ಬರುವುದಿಲ್ಲ. ಹಾದಿ ಇದ್ದೇ ಇರುತ್ತದೆಂದು ನಾವು ಭಾವಿಸಿರುವುದೇ ಅದಕ್ಕೆ ಕಾರಣ. ಹಾಗೆಂದು ಎಂದೂ ಭಾವಿಸಲಾಗದಿದ್ದ ಕೆಲವು ಕಥೋಲಿಕ ದ್ವೀಪಗಳ ಚರಿತ್ರೆಯನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆ, ಅಟ್ಲಾಂಟಿಕ್ ಸಾಗರದಲ್ಲಿ ಹೊರ ಹೆಬ್ರಿಡೀಸ್ ಎಂಬ ದ್ವೀಪಮಾಲೆಯಿದೆ. 1560ರಲ್ಲಿ ಸ್ಕಾಟ್ಲೆಂಡ್ ಪ್ರಾಟೆಸ್ಟಂಟ್ ಮತವನ್ನು ಸ್ವೀಕರಿಸಿದ ಮೇಲೂ ಈ ಮಾಲೆಯ ದಕ್ಷಿಣ ಭಾಗದಲ್ಲಿರುವ ದಕ್ಷಿಣ ಯೂಯಿಸ್ಟ್, ಬಾರಾ ಮತ್ತು ಅವುಗಳ ಸುತ್ತಣ ಕಿರುದ್ವೀಪಗಳ ಗೇಲಿಕ್ ನುಡಿಯ ಜನರು ಬಹುಮಟ್ಟಿಗೆ ಪೂರ್ವಜರ ಕಥೋಲಿಕ ವಿಶ್ವಾಸದಲ್ಲಿಯೇ ಉಳಿದರು. ಕಡಲಿನ ದೂರವು ಅವರ ವಿಶ್ವಾಸಕ್ಕೆ ಬೇಲಿಯಾಯಿತು. ಅದೇ ದೂರವು ಅವರ ಬದುಕಿಗೆ ಹೊರೆಯೂ ಆಯಿತು.

ಮಿಂಗುಲೇ: ಬರಿದಾದ ಊರು

ಬಾರಾ ದ್ವೀಪದ ದಕ್ಷಿಣಕ್ಕೆ, ತೆರೆದ ಸಾಗರದಲ್ಲಿ ಮಿಂಗುಲೇ ಇದೆ. 1881ರ ಜನಗಣತಿಯಲ್ಲಿ ಅಲ್ಲಿದ್ದವರು 150 ಮಂದಿ. ಮೀನು, ಕುರಿ, ಬಂಡೆಗಳ ಮೇಲೆ ಗೂಡುಕಟ್ಟುವ ಕಡಲಹಕ್ಕಿಗಳು ಮತ್ತು ತುಂಡುಭೂಮಿಯ ಬೆಳೆ ಅವರ ಜೀವನಾಧಾರ. ಇಲ್ಲದಿದ್ದುದು ಒಂದೇ: ದೋಣಿ ಕಟ್ಟಲು ಸುರಕ್ಷಿತವಾದ ಒಂದು ಧಕ್ಕೆ. ಪಶ್ಚಿಮ ದಿಕ್ಕಿನಲ್ಲಿ ಇನ್ನೂರು ಮೀಟರಿಗೂ ಮಿಕ್ಕಿ ಎತ್ತರದ ಕಡಿದಾದ ಬಂಡೆಗಳು. ಪೂರ್ವದ ಮರಳು ದಂಡೆಯಲ್ಲಿ ಸದಾ ಅಪ್ಪಳಿಸುವ ತೆರೆಗಳು. ಬಂದವರು ದೋಣಿಯಿಂದ ಬಂಡೆಗೆ ಸಮಯ ನೋಡಿ ಹಾರಬೇಕಿತ್ತು. ಗಾಳಿ ಬೀಸತೊಡಗಿದರೆ ವಾರಗಟ್ಟಲೆ ಯಾರೂ ಬರುವಂತಿರಲಿಲ್ಲ, ಯಾರೂ ಹೋಗುವಂತಿರಲಿಲ್ಲ. ಅಂತಹ ದಿನಗಳಲ್ಲಿ ಕಾಯಿಲೆ ಬಿದ್ದವನಿಗೆ ವೈದ್ಯನೂ ಇಲ್ಲ, ಸಾಯುವವನಿಗೆ ಅಂತ್ಯಸಂಸ್ಕಾರಗಳನ್ನು ನೀಡಲು ಗುರುವೂ ಇಲ್ಲ.

1898ರಲ್ಲಿ ಅಲ್ಲಿ ಪ್ರಾರ್ಥನಾಲಯವನ್ನೂ ಗುರುಗಳ ವಸತಿಯನ್ನೂ ಒಳಗೊಂಡ ಕಲ್ಲಿನ ಕಟ್ಟಡವೊಂದು ಎದ್ದಿತು. 1901ರಲ್ಲಿ ಸರಕಾರದ ಮಂಡಳಿಯೊಂದು ಬಂಡೆಯ ಮೇಲೆ ಭಾರ ಎತ್ತುವ ಯಂತ್ರವನ್ನು ನಿಲ್ಲಿಸಿತು. ಅದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಜನರು ಬೇಡಿದ್ದು ಧಕ್ಕೆ, ದೊರೆತದ್ದು ಯಂತ್ರ. ಮುಂದಿನ ಹತ್ತು ವರ್ಷಗಳಲ್ಲಿ ಮನೆಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. 1912ರಲ್ಲಿ ಕೊನೆಯ ಕುಟುಂಬಗಳೂ ದ್ವೀಪವನ್ನು ತೊರೆದವು. ಅವರು ಕಟ್ಟಿಸಿಕೊಂಡ ಪ್ರಾರ್ಥನಾಲಯದಲ್ಲಿ ದಿವ್ಯ ಬಲಿಪೂಜೆ ನಡೆದದ್ದು ಹದಿನಾಲ್ಕು ವರ್ಷಗಳಿಗಿಂತ ಹೆಚ್ಚಿಲ್ಲ. ಆ ಜನರಲ್ಲಿ ವಿಶ್ವಾಸಕ್ಕೂ ಧೈರ್ಯಕ್ಕೂ ಕೊರತೆಯಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ವಾಟರ್ಸೇ: ಸೆರೆಮನೆಯಿಂದ ಏರಿರಸ್ತೆಯವರೆಗೆ

ಮಿಂಗುಲೇ ಬಿಟ್ಟವರಲ್ಲಿ ಹಲವರು ನೆಲೆಸಿದ್ದು ಬಾರಾಕ್ಕೆ ಅಂಟಿಕೊಂಡಂತಿರುವ ವಾಟರ್ಸೇ ದ್ವೀಪದಲ್ಲಿ. ಆ ನೆಲ ಸುಲಭವಾಗಿ ದಕ್ಕಲಿಲ್ಲ. ದ್ವೀಪವೆಲ್ಲ ಒಬ್ಬ ಭೂಮಾಲೀಕಳ ಜಮೀನಾಗಿತ್ತು. ಭೂಮಿಯಿಲ್ಲದ ಬಾರಾ ಮತ್ತು ಮಿಂಗುಲೇಯ ಬಡವರು ಅಲ್ಲಿ ಗುಡಿಸಲು ಹಾಕಿ ಆಲೂಗಡ್ಡೆ ನೆಟ್ಟರು. 1908ರಲ್ಲಿ ಅವರ ಪೈಕಿ ಹತ್ತು ಮಂದಿಗೆ ಎಡಿನ್‌ಬರೋ ನಗರದಲ್ಲಿ ಎರಡು ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ದೇಶದಲ್ಲೆಲ್ಲ ಸಹಾನುಭೂತಿ ಎದ್ದಿತು. 1909ರಲ್ಲಿ ಸರಕಾರವೇ ದ್ವೀಪವನ್ನು ಕೊಂಡು ಅವರಿಗೆ ಹಂಚಿತು.

ಭೂಮಿ ಸಿಕ್ಕಿತು, ಹಾದಿ ಸಿಗಲಿಲ್ಲ. ಬಾರಾಕ್ಕೂ ವಾಟರ್ಸೇಗೂ ನಡುವೆ ಇರುವ ಜಲಸಂಧಿಯ ಅಗಲ ಸುಮಾರು 250 ಮೀಟರು ಮಾತ್ರ. ಆದರೂ ಮಾರಾಟದ ದನಗಳನ್ನು ದೋಣಿಯ ಹಿಂದೆ ಈಜಿಸಿಕೊಂಡು ಹೋಗಬೇಕಾಗಿತ್ತು. 1986ರಲ್ಲಿ ಬರ್ನೀ ಎಂಬ ಹೋರಿಯೊಂದು ಹಾಗೆ ಈಜುತ್ತಾ ಮುಳುಗಿ ಸತ್ತಿತು. ಮನುಷ್ಯರ ವರ್ಷಗಟ್ಟಲೆಯ ಮೊರೆ ತಲುಪದಿದ್ದ ಕಿವಿಗಳಿಗೆ ಒಂದು ಮೂಕಪ್ರಾಣಿಯ ಸಾವು ತಲುಪಿತೆಂದರೆ ತಪ್ಪಾಗದು. 1991ರಲ್ಲಿ ಕಲ್ಲು ತುಂಬಿ ಕಟ್ಟಿದ ಏರಿರಸ್ತೆ ಸಿದ್ಧವಾಯಿತು. ಆ ವರ್ಷ ವಾಟರ್ಸೇಯ ಜನಸಂಖ್ಯೆ 72ಕ್ಕೆ ಇಳಿದಿತ್ತು. 2001ರಲ್ಲಿ ಅದು 94ಕ್ಕೆ ಏರಿತು. ಮಿಂಗುಲೇಯ ಹಾದಿ ಹಿಡಿಯಲಿದ್ದ ಊರು ಹೀಗೆ ಉಳಿಯಿತು.

ಎರಿಸ್ಕೇ: ಒಂದು ರಾತ್ರಿಯ ಮೀನು

ಬಾರಾದ ಉತ್ತರಕ್ಕೆ, ದಕ್ಷಿಣ ಯೂಯಿಸ್ಟಿನ ತುದಿಯಲ್ಲಿರುವ ಎರಿಸ್ಕೇಯ ವಿಸ್ತೀರ್ಣ ಸುಮಾರು ಏಳು ಚದರ ಕಿಲೋಮೀಟರು. ಹೆಚ್ಚಿನದೆಲ್ಲ ಬಂಡೆ. 1838ರಲ್ಲಿ ಈ ದ್ವೀಪಗಳನ್ನು ಕೊಂಡ ಕರ್ನಲ್ ಗಾರ್ಡನ್ ಕುರಿಸಾಕಣೆಗಾಗಿ ಗೇಣಿದಾರರನ್ನು ಒಕ್ಕಲೆಬ್ಬಿಸಿದಾಗ ಸಾವಿರಾರು ಜನ ಕೆನಡಾಕ್ಕೆ ಸಾಗಿಸಲ್ಪಟ್ಟರು. ಇನ್ನು ಕೆಲವರು ಯಾರಿಗೂ ಬೇಡವಾಗಿದ್ದ ಈ ಬಂಡೆಯ ಮೇಲೆ ಮನೆ ಮಾಡಿದರು. ಅವರ ಮೊದಲ ವಾಹನ ಎರಿಸ್ಕೇ ತಳಿಯ ಗಿಡ್ಡ ಕುದುರೆ. ಗದ್ದೆಗೆ ಗೊಬ್ಬರವಾಗುವ ಕಡಲಪಾಚಿಯನ್ನೂ ಒಲೆಯ ಉರುವಲನ್ನೂ ಅದು ಬುಟ್ಟಿಗಳಲ್ಲಿ ಹೊತ್ತು ತರುತ್ತಿತ್ತು.

1882ರಲ್ಲಿ ಗುರುದೀಕ್ಷೆ ಪಡೆದ ವಂದನೀಯ ಅಲನ್ ಮ್ಯಾಕ್‌ಡೊನಾಲ್ಡ್ 1884ರಲ್ಲಿ ದಕ್ಷಿಣ ಯೂಯಿಸ್ಟಿನ ಡಾಲಿಬರ್ಗ್ ಧರ್ಮಕೇಂದ್ರಕ್ಕೆ ಬಂದರು. ಆಗ ಎರಿಸ್ಕೇಯೂ ಅದಕ್ಕೇ ಸೇರಿತ್ತು. ಕರೆ ಬಂದಾಗಲೆಲ್ಲ ಮೈಲುಗಟ್ಟಲೆ ನಡೆದು, ತೆರೆದ ದೋಣಿಯಲ್ಲಿ ಜಲಸಂಧಿಯನ್ನು ದಾಟಬೇಕು. ಆ ದುಡಿಮೆಯಲ್ಲಿ ಅವರ ಆರೋಗ್ಯ ಕುಸಿಯಿತು. ಬಳಿಕ ಅವರು ಎರಿಸ್ಕೇಯಲ್ಲೇ ನೆಲೆಸಿ, ಜನರ ಬಾಯಲ್ಲಿದ್ದ ಪ್ರಾರ್ಥನೆ, ಹಾಡು, ಕಥೆಗಳನ್ನು ಬರೆದಿಟ್ಟರು. ಇಂದು ಗೇಲಿಕ್ ಜಾನಪದದ ವಿದ್ವಾಂಸರು ಅವರಿಗೆ ಋಣಿಗಳಾಗಿದ್ದಾರೆ.

ಹೊಸ ದೇವಾಲಯಕ್ಕಾಗಿ ಬೆಸ್ತರು ಒಂದು ರಾತ್ರಿಯ ಮೀನಿನ ಹುಟ್ಟುವಳಿಯನ್ನೆಲ್ಲ ಕಾಣಿಕೆಯಾಗಿ ಕೊಟ್ಟರು. ಜನರೇ ಶ್ರಮದಾನ ಮಾಡಿದರು. 1903ರಲ್ಲಿ ಸಂತ ಮಿಕಾಯೇಲರ ದೇವಾಲಯ ಸಿದ್ಧವಾಯಿತು. ಈ ದ್ವೀಪಗಳಲ್ಲಿ ಮಹಾದೂತ ಮಿಕಾಯೇಲರು ಕಡಲಿನ ಹಾಗೂ ಕುದುರೆಗಳ ಪಾಲಕರೆಂದು ಪೂಜ್ಯರು. ದೋಣಿ, ಕುದುರೆಗಳನ್ನು ನಂಬಿದವರಿಗೆ ಅವರಿಗಿಂತ ತಕ್ಕ ಪಾಲಕರು ಬೇರಾರು? ಎರಡೇ ವರ್ಷಗಳಲ್ಲಿ, 1905ರ ಅಕ್ಟೋಬರಿನಲ್ಲಿ, ತಮ್ಮ 45ನೆಯ ವಯಸ್ಸಿನಲ್ಲಿ ಆ ಗುರುಗಳು ದೈವಾಧೀನರಾದರು.

ಇಷ್ಟಾದರೂ ಎರಿಸ್ಕೇಯ ಕಡಲು ಕಡಲಾಗಿಯೇ ಉಳಿಯಿತು. 19ನೆಯ ಶತಮಾನದ ಕೊನೆಗೆ ನಾನ್ನೂರಕ್ಕೂ ಮೇಲಿದ್ದ ಜನಸಂಖ್ಯೆ 2001ರಲ್ಲಿ 133ಕ್ಕೆ ಬಂತು. ಗಿಡ್ಡ ಕುದುರೆಗಳೂ 1970ರ ದಶಕದ ವೇಳೆಗೆ ಇಪ್ಪತ್ತರಷ್ಟಕ್ಕೆ ಇಳಿದಿದ್ದವು. ಆ 2001ರಲ್ಲಿಯೇ ದಕ್ಷಿಣ ಯೂಯಿಸ್ಟಿಗೆ ಸುಮಾರು ಒಂದು ಮೈಲು ಉದ್ದದ ಏರಿರಸ್ತೆ ತೆರೆಯಿತು. ಕೆಲಕಾಲದಲ್ಲೇ ಬಾರಾಕ್ಕೆ ವಾಹನಗಳನ್ನು ಸಾಗಿಸುವ ಹಡಗೂ ಓಡತೊಡಗಿತು; ಆ ಪ್ರಯಾಣಕ್ಕೆ 40 ನಿಮಿಷ ಸಾಕು. 2011ರ ಗಣತಿಯಲ್ಲಿ ಜನಸಂಖ್ಯೆ 143. ಹತ್ತು ಜನ ಹೆಚ್ಚಿದ್ದು ಪಟ್ಟಣದವರಿಗೆ ಲೆಕ್ಕಕ್ಕಿಲ್ಲದ ಸಂಗತಿ. ಅಂತಹ ಊರಿನಲ್ಲಿ ಅದು ಎರಡು ಮೂರು ಮನೆಗಳ ಒಲೆ ಮತ್ತೆ ಹೊತ್ತಿದಂತೆ.

ಹಾದಿಯ ಋಣ

ಆದರೆ ಹಾದಿ ಒಮ್ಮೆ ದೊರೆತರೆ ಚಿಂತೆ ಮುಗಿಯಿತೆಂದಲ್ಲ. 2005ರ ಜನವರಿಯ ಬಿರುಗಾಳಿಯ ರಾತ್ರಿ, ದಕ್ಷಿಣ ಯೂಯಿಸ್ಟಿನ ಉತ್ತರ ತುದಿಯಲ್ಲಿ, ಏರುತ್ತಿದ್ದ ನೀರಿನಿಂದ ಪಾರಾಗಲು ಮನೆಬಿಟ್ಟು ಹೊರಟ ಒಂದೇ ಕುಟುಂಬದ ಮೂರು ತಲೆಮಾರಿನ ಐವರು ಜಲಸಮಾಧಿಯಾದರು. ಅಲ್ಲಿನ ಹಳೆಯ ಏರಿರಸ್ತೆಯಲ್ಲಿ ನೀರು ಹರಿಯಲು ಸಾಕಷ್ಟು ತೆರಪು ಇಲ್ಲವೆಂದು ಜನ ದುಃಖದಿಂದ ದೂರಿದರು. ಜನರನ್ನು ಸೇರಿಸಲು ಕಟ್ಟಿದ್ದು ನೀರಿಗೂ ದಾರಿ ಬಿಡಬೇಕು ಎಂಬ ಪಾಠ ಅಷ್ಟು ದೊಡ್ಡ ಬೆಲೆಗೆ ದೊರೆಯಿತು. 2023ರ ಜೂನಿನಲ್ಲಿ, ಹಳೆಯ ಹಡಗುಗಳ ಕೊರತೆಯಿಂದ ದಕ್ಷಿಣ ಯೂಯಿಸ್ಟನ್ನು ಮುಖ್ಯ ಭೂಮಿಗೆ ಜೋಡಿಸುವ ಹಡಗುಸೇವೆಯನ್ನು ಹೆಚ್ಚುಕಡಿಮೆ ಇಡೀ ತಿಂಗಳು ನಿಲ್ಲಿಸಿದಾಗ, ನೂರಾರು ಜನ ಧಕ್ಕೆಯಲ್ಲಿ ನೆರೆದು ಪ್ರತಿಭಟಿಸಿದರು. ಅಂಗಡಿಗೆ ಸಾಮಾನು, ಮೀನಿಗೆ ಮಾರುಕಟ್ಟೆ, ರೋಗಿಗೆ ಆಸ್ಪತ್ರೆ, ಹಬ್ಬಕ್ಕೆ ಬರುವ ಮಕ್ಕಳು, ಎಲ್ಲವೂ ಆ ಒಂದು ಹಡಗಿನಲ್ಲೇ ಬರಬೇಕು, ಹೋಗಬೇಕು.

ಒಂದು ಸಮುದಾಯದ ಏಳಿಗೆಯನ್ನು ಕಟ್ಟಡಗಳಿಂದ ಅಳೆಯುವ ರೂಢಿ ನಮ್ಮಲ್ಲಿದೆ. ಮಿಂಗುಲೇಯಲ್ಲಿ ಕಟ್ಟಡವಿತ್ತು, ಅದನ್ನು ತಲುಪುವ ಹಾದಿಯಿರಲಿಲ್ಲ. ಎರಿಸ್ಕೇಯ ದೇವಾಲಯದಲ್ಲಿ ಇಂದು ಬಲಿಪೀಠಕ್ಕೆ ಆಧಾರವಾಗಿರುವುದು ಒಂದು ಜೀವರಕ್ಷಕ ದೋಣಿಯ ಮೂತಿ. ದೇವರ ಮೇಜು ದೋಣಿಯ ಮೇಲೆ ನಿಂತಿರುವುದು ಆ ಜನರಿಗೆ ಅಲಂಕಾರವಲ್ಲ, ಅನುಭವ. ನಮ್ಮ ಧರ್ಮಕೇಂದ್ರದ ಮುಂದಿನ ನೂರು ವರ್ಷಗಳ ಬಗ್ಗೆ ಯೋಚಿಸುವವರು, ದೇವಾಲಯಕ್ಕೆ ಏನನ್ನು ಸೇರಿಸಬೇಕೆಂದು ಕೇಳುವ ಮೊದಲು, ಅದನ್ನು ತಲುಪಲು ಇಂದು ಕಷ್ಟಪಡುತ್ತಿರುವ ಮನೆ ಯಾವುದೆಂದು ಕೇಳಿಕೊಳ್ಳುವುದು ಒಳಿತು.