ಟರ್ಬೊ ಕಥೆಯಲ್ಲಿ ಎಲ್ಲರೂ ಮರೆಯುವ ಕೊಳವೆ

ದೋಣಿಗಲ್‌ನಿಂದ ಎಡಕುಮೇರಿ ಕಡೆಗೆ ಇಳಿಯುವ ರೈಲುಹಳಿಯ ಆಸುಪಾಸಿನಲ್ಲಿ ಬೆಳೆದವರಿಗೆ ಒಂದು ದೃಶ್ಯ ಚೆನ್ನಾಗಿ ಗೊತ್ತು. ನಿಂತಿದ್ದ ಡೀಸೆಲ್ ಎಂಜಿನ್ ಹೊರಡುವಾಗ ಮೊದಲು ಕಪ್ಪು ಹೊಗೆ ಭುಸ್ಸೆಂದು ಮೇಲೇಳುತ್ತದೆ. ಸ್ವಲ್ಪ ಹೊತ್ತಿಗೆ ಶಿಳ್ಳೆಯಂಥ ಸದ್ದು ಏರುತ್ತದೆ, ಹೊಗೆ ತೆಳುವಾಗುತ್ತದೆ, ಗಾಡಿ ಎಳೆಯತೊಡಗುತ್ತದೆ.

ಆ ಶಿಳ್ಳೆ ಟರ್ಬೊದ್ದು. ಟರ್ಬೊ ಎಂದರೆ ಒಂದೇ ದಂಡಕ್ಕೆ ಕೂರಿಸಿದ ಎರಡು ಚಕ್ರ. ಎಂಜಿನ್ ಉಗುಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚು ಸಿಕ್ಕರೆ ಡೀಸೆಲ್ ಹೆಚ್ಚು ಉರಿಯುತ್ತದೆ, ಎಳೆತ ಜಾಸ್ತಿಯಾಗುತ್ತದೆ. ಚಕ್ರ ವೇಗ ಹಿಡಿಯುವ ತನಕ ಡೀಸೆಲ್ ಹೆಚ್ಚು, ಗಾಳಿ ಕಮ್ಮಿ. ಮೊದಲು ಕಪ್ಪು ಹೊಗೆ ಬರುವುದು ಅದಕ್ಕೇ.

ಟರ್ಬೊ ಬಗ್ಗೆ ಮಾತಾಡುವವರು ಬೇಕಾದಷ್ಟಿದ್ದಾರೆ. ಎಂಜಿನ್ ಹೆಡ್ಡಿನಿಂದ ಟರ್ಬೊ ತನಕ ಹೊಗೆ ಒಯ್ಯುವ ಕೊಳವೆಯ ಬಗ್ಗೆ, ಅಂದರೆ ಮ್ಯಾನಿಫೋಲ್ಡ್ ಬಗ್ಗೆ, ಮಾತು ಕಮ್ಮಿ. ಗುಜರಿಯಿಂದ ಹಳೆಯ ಟರ್ಬೊ ತಂದು ತೋಟದ ಜೀಪಿಗೆ ಕೂರಿಸಬೇಕು ಎನ್ನುವ ಹುಡುಗರಿಗೆ ಟರ್ಬೊ ಸಿಗುತ್ತದೆ, ಈ ಕೊಳವೆ ಸಿಗುವುದಿಲ್ಲ. ಅದನ್ನು ಮನೆಯ ಶೆಡ್ಡಿನಲ್ಲೇ ಮಾಡಬೇಕಾಗುತ್ತದೆ. ಕುತೂಹಲವೆಂದರೆ, ಟರ್ಬೊದ ಇತಿಹಾಸ ತಿರುವು ಪಡೆದದ್ದೂ ಈ ಕೊಳವೆಯಲ್ಲೇ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಟರ್ಬೊಗೆ ಪೇಟೆಂಟ್ ಪಡೆದ. ಎಂಜಿನ್ನಿಗೆ ಹಾಕಿದ ಇಂಧನದ ಶಕ್ತಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಹೊಗೆಯ ಜೊತೆ ಹೊರಗೆ ಹೋಗಿಬಿಡುತ್ತದೆ. ಅದನ್ನು ದುಡಿಸಿಕೊಳ್ಳಬೇಕೆಂಬುದು ಅವನ ಲೆಕ್ಕ. ಲೆಕ್ಕವೇನೋ ಸರಿ ಇತ್ತು. ಆದರೆ ಸುಲ್ಜರ್ ಕಂಪನಿಯಲ್ಲಿ ಮಾಡಿದ ಮೊದಲ ಪ್ರಯೋಗಗಳು ಕೈಗೂಡಲಿಲ್ಲ. ಅದು ಕೈಗೂಡಲು ಇಪ್ಪತ್ತು ವರ್ಷ ಬೇಕಾಯಿತು.

1925ರಲ್ಲಿ ಬ್ಯೂಖಿ ಇನ್ನೊಂದು ಪೇಟೆಂಟ್ ಪಡೆದ. ಈ ಸಲ ಅವನ ಯೋಚನೆ ಇದ್ದದ್ದು ಕೊಳವೆಗಳ ಮೇಲೆ. ಎಲ್ಲ ಸಿಲಿಂಡರಿನ ಹೊಗೆಯನ್ನು ಒಂದೇ ದಪ್ಪ ಕೊಳವೆಗೆ ಸುರಿಯಬೇಡಿ. ಸಿಲಿಂಡರುಗಳನ್ನು ಗುಂಪು ಮಾಡಿ, ಒಂದೊಂದು ಗುಂಪಿಗೆ ಬೇರೆ ಬೇರೆ ಸಣ್ಣ ಕೊಳವೆ ಕೊಡಿ. ಆಗ ಒಂದೊಂದು ಸಿಲಿಂಡರಿನ ಹೊಗೆಯೂ ಅದರ ರಭಸ ಕಳೆದುಕೊಳ್ಳದೆ ಚಕ್ರಕ್ಕೆ ಬಡಿಯುತ್ತದೆ.

ಇದನ್ನು ನಮ್ಮ ನಾಲ್ಕು ಸಿಲಿಂಡರಿನ ಜೀಪಿನ ಮೇಲೆ ಇಟ್ಟು ನೋಡೋಣ. ಸಾಮಾನ್ಯವಾಗಿ ಸಿಲಿಂಡರುಗಳು 1-3-4-2 ಈ ಸರದಿಯಲ್ಲಿ ಉರಿಯುತ್ತವೆ. ಒಂದನೆಯದು ಕೊನೆಯ ಹೊಗೆಯನ್ನು ಬಿಡುತ್ತಿರುವಾಗಲೇ ಮೂರನೆಯದರ ಬಾಗಿಲು ತೆರೆದು ಜೋರಾದ ಹೊಗೆ ನುಗ್ಗುತ್ತದೆ. ಎರಡಕ್ಕೂ ಕೊಳವೆ ಒಂದೇ ಆದರೆ ಮೂರರ ಹೊಗೆ ಒಂದರೊಳಗೆ ವಾಪಸ್ಸು ತಳ್ಳುತ್ತದೆ. ಕಿರಿದಾದ ತೋಟದ ದಾರಿಯಲ್ಲಿ ಎರಡು ಜೀಪು ಎದುರುಬದುರಾದ ಹಾಗೆ. 1 ಮತ್ತು 4ನ್ನು ಒಂದು ಕೊಳವೆಗೆ, 2 ಮತ್ತು 3ನ್ನು ಇನ್ನೊಂದಕ್ಕೆ ಸೇರಿಸಿದರೆ ಈ ತಳ್ಳಾಟ ಇರುವುದಿಲ್ಲ. ಇವತ್ತು ಎರಡು ಬಾಯಿಯ ಟರ್ಬೊ ಎಂದು ಮಾರುವುದು ಇದೇ ನೂರು ವರ್ಷದ ಹಳೆಯ ಯೋಚನೆಯನ್ನು.

ಬ್ಯೂಖಿಯ ಪದ್ಧತಿಯಲ್ಲಿ ಜರ್ಮನಿಯ ‘ಪ್ರಾಯ್ಸನ್’ ಮತ್ತು ‘ಹನ್ಸಸ್ಟಾಟ್ ಡಾನ್‌ಸಿಗ್’ ಎಂಬ ಎರಡು ಪ್ರಯಾಣಿಕರ ಹಡಗುಗಳ ಹತ್ತು ಸಿಲಿಂಡರಿನ ಡೀಸೆಲ್ ಎಂಜಿನ್ನುಗಳಿಗೆ ಟರ್ಬೊ ಕೂರಿಸಿದರು. 1750 ಅಶ್ವಶಕ್ತಿಯ ಎಂಜಿನ್ 2500 ಕೊಟ್ಟಿತು. ಡೀಸೆಲ್ ಲೋಕ ಟರ್ಬೊವನ್ನು ನಂಬಿದ್ದು ಅಲ್ಲಿಂದ.

ಬೆಟ್ಟದವರಿಗೆ ಹತ್ತಿರವಾದ ಪ್ರಯೋಗ ಅದಕ್ಕೂ ಮೊದಲೇ ಅಮೆರಿಕದಲ್ಲಿ ನಡೆದಿತ್ತು. ಮೇಲೆ ಹೋದಷ್ಟೂ ಗಾಳಿ ತೆಳುವಾಗಿ ವಿಮಾನದ ಎಂಜಿನ್ ಸೋಲುತ್ತಿತ್ತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಸಾಗಿಸಿದ. ಎತ್ತರ 14,000 ಅಡಿಗೂ ಹೆಚ್ಚು. ಕೆಳಗೆ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ 230ಕ್ಕೆ ಕುಸಿಯಿತು. ಟರ್ಬೊ ಜೋಡಿಸಿದಾಗ ಅಲ್ಲೇ 356 ಕೊಟ್ಟಿತು. ಎರಡು ವರ್ಷದ ನಂತರ ಮೇಜರ್ ಶ್ರೋಡರ್ ಟರ್ಬೊ ಕಟ್ಟಿದ ವಿಮಾನದಲ್ಲಿ 33,000 ಅಡಿ ದಾಟಿದ.

ನಮ್ಮ ಎತ್ತರ ಅಷ್ಟಿಲ್ಲ. ಸಕಲೇಶಪುರ ಇರುವುದು ಸಮುದ್ರದಿಂದ ಸುಮಾರು 3,100 ಅಡಿ ಮೇಲೆ. ಇಲ್ಲಿ ಗಾಳಿ ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು, ಅಷ್ಟೆ. ಹೊಂಗಡಹಳ್ಳದ ಕಡೆಯ ಏರಿನಲ್ಲಿ ಜೀಪು ಮುಕ್ಕರಿಯುವುದಕ್ಕೆ ಗಾಳಿಯ ಜೊತೆ ಹೊರೆ, ಕೆಸರು, ಏರು ಎಲ್ಲವೂ ಕಾರಣ. ‘ಎತ್ತರಕ್ಕೆ ಟರ್ಬೊ ಬೇಕೇ ಬೇಕು’ ಎಂಬ ಮಾತು ಲಡಾಖ್‌ಗೆ ಸರಿ, ನಮಗೆ ಅರ್ಧ ಸರಿ.

1979 ಎಂಬ ಒಂದು ವರ್ಷವನ್ನು ಇಲ್ಲಿ ನಿಧಾನವಾಗಿ ನೋಡಬೇಕು. ಹಾಸನ-ಮಂಗಳೂರು ಮೀಟರ್ ಗೇಜ್ ರೈಲುಮಾರ್ಗ ಓಡಾಟಕ್ಕೆ ತೆರೆದದ್ದು ಆ ವರ್ಷ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿ.ಮೀ., 57 ಸುರಂಗ, ಐವತ್ತು ಅಡಿಗೆ ಒಂದು ಅಡಿ ಏರು. ಅದರ ಮೇಲೆ ದುಡಿದ ವೈಡಿಎಂ-4 ಎಂಜಿನ್ ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸದ್ದು, ಆರು ಸಿಲಿಂಡರು, ಸುಮಾರು 1400 ಅಶ್ವಶಕ್ತಿ, ಟರ್ಬೊ ಸಮೇತ. ಅಂದರೆ ನಮ್ಮ ಕಾಡಿಗೆ ಟರ್ಬೊ ಬಂದದ್ದು ರಸ್ತೆಯ ಮೇಲಲ್ಲ, ಹಳಿಯ ಮೇಲೆ.

ಅದೇ 1979ರಲ್ಲಿ ಮಹೀಂದ್ರಾ ಕಂಪನಿ ಫ್ರಾನ್ಸಿನ ಪೂಜೊ ಕಂಪನಿಯಿಂದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ನಿನ ಲೈಸೆನ್ಸ್ ಪಡೆಯಿತು. 2112 ಸಿಸಿ, ಅಶ್ವಶಕ್ತಿ ಅರವತ್ತರ ಆಸುಪಾಸು. ಎಂಎಂ 540 ಜೀಪಿನ ಬಾನೆಟ್ ಎತ್ತಿದವರಿಗೆಲ್ಲ ಅದರ ಪರಿಚಯ ಇದೆ. ಅದೇ ವರ್ಷ ಪೂಜೊ ತನ್ನ ದೇಶದಲ್ಲಿ 604 ಎಂಬ ಕಾರನ್ನು ಟರ್ಬೊ ಡೀಸೆಲ್ ಎಂಜಿನ್ನಿನೊಂದಿಗೆ ಮಾರಾಟಕ್ಕೆ ಬಿಟ್ಟಿತ್ತು. ಆ ಎಂಜಿನ್ನು ನಮ್ಮ ಜೀಪಿನ ಎಂಜಿನ್ನಿನ ದಾಯಾದಿ. ಪಿಸ್ಟನ್ ಓಡುವ ದೂರ ಎರಡರಲ್ಲೂ 83 ಮಿ.ಮೀ., ಬೋರ್ ಮಾತ್ರ ಅದರಲ್ಲಿ 94, ನಮ್ಮದರಲ್ಲಿ 90.

ಅಣ್ಣನಿಗೆ ಟರ್ಬೊ, ತಮ್ಮನಿಗೆ ಬರೀ ಗಾಳಿ. ಇದನ್ನು ಮೋಸ ಎಂದು ನಾನು ಹೇಳಲಾರೆ. ಹಳ್ಳಿಯಲ್ಲಿ ಕೆಟ್ಟರೆ ಅಲ್ಲೇ ಬಿಚ್ಚಿ ಸರಿಮಾಡುವ ಹಾಗಿರಬೇಕಿತ್ತು. ಟರ್ಬೊ ಇಲ್ಲದ ಎಂಜಿನ್ ಅದಕ್ಕೆ ಒಗ್ಗಿತು. ಹೊಗೆಯ ಕಟ್ಟುಪಾಡು 2000ರ ನಂತರ ಬಿಗಿಯಾಗುತ್ತ ಬಂದ ಮೇಲೆ ಸಣ್ಣ ಡೀಸೆಲ್ ಗಾಡಿಗಳಿಗೆಲ್ಲ ಟರ್ಬೊ ಬಂತು. ಅವು ಹಳೆಯದಾಗಿ ಗುಜರಿ ಸೇರಿದವು. ಹಾಗಾಗಿ 1979ರಲ್ಲಿ ಬಾರದ ಟರ್ಬೊ ಈಗ ಹಳೆಯ ಜೀಪಿನ ಪಕ್ಕಕ್ಕೆ ಬಂದು ಕೂತಿದೆ, ನಡುವೆ ಕೊಳವೆ ಮಾತ್ರ ಇಲ್ಲ.

ಕಂಪನಿಯವರು ಮ್ಯಾನಿಫೋಲ್ಡನ್ನು ಬೀಡಿನಲ್ಲಿ ಎರಕ ಹೊಯ್ಯುತ್ತಾರೆ. ಬೀಡು ಬಿಸಿ ತಡೆಯುತ್ತದೆ, ಐದಾರು ಕೆ.ಜಿ. ಟರ್ಬೊದ ಭಾರ ಹೊರುತ್ತದೆ. ನಮ್ಮ ನಾಡಿಗೆ ಎರಕ ಹೊಸದೇನಲ್ಲ, ಭದ್ರಾವತಿಯ ಕುಲುಮೆ 1923ರಲ್ಲೇ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಕಬ್ಬಿಣ ಕರಗಿಸಿತ್ತು. ಆದರೆ ಒಂದೇ ಒಂದು ಮ್ಯಾನಿಫೋಲ್ಡಿಗೆ ಅಚ್ಚು ಮಾಡಿಸುವುದು ಯಾರಿಗೂ ಗಿಟ್ಟುವುದಿಲ್ಲ. ಶೆಡ್ಡಿನವರಿಗೆ ಉಳಿದ ದಾರಿ ಪೈಪು ಕತ್ತರಿಸಿ ವೆಲ್ಡಿಂಗ್ ಮಾಡುವುದು.

ಕೆಲಸ ಶುರುವಾಗುವುದು ಹಳೆಯ ಗ್ಯಾಸ್ಕೆಟ್‌ನಿಂದ. ಅದನ್ನು ರಟ್ಟಿನ ಮೇಲಿಟ್ಟು ತೂತುಗಳ ಗುರುತು ಮಾಡಿಕೊಂಡು, 10-12 ಮಿ.ಮೀ. ದಪ್ಪದ ಪ್ಲೇಟಿನಲ್ಲಿ ಫ್ಲೇಂಜ್ ಕತ್ತರಿಸುತ್ತಾರೆ. ಆಮೇಲೆ ಟರ್ಬೊ ಎಲ್ಲಿ ಕೂರಬೇಕೆಂದು ಬಾನೆಟ್ ಕೆಳಗೆ ಹಿಡಿದು ನೋಡಬೇಕು: ಸ್ಟೀರಿಂಗ್ ರಾಡ್‌ಗೆ, ಬ್ರೇಕ್ ಪೈಪಿಗೆ, ವೈರಿಂಗಿಗೆ ದೂರ ಇದೆಯೇ, ಟರ್ಬೊದಿಂದ ಎಂಜಿನ್ ಎಣ್ಣೆ ವಾಪಸ್ಸು ಹೋಗುವ ಪೈಪು ಇಳಿಜಾರಾಗಿ ಇಳಿಯುತ್ತದೆಯೇ. ಆ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಎಣ್ಣೆ ತಾನಾಗಿ ಹರಿದು ಇಳಿಯಬೇಕು. ಕಟ್ಟಿಕೊಂಡರೆ ಟರ್ಬೊದ ಸೀಲಿನಿಂದ ಎಣ್ಣೆ ಹೊರಬರುತ್ತದೆ, ಪಕ್ಕದಲ್ಲೇ ಕೆಂಪಗೆ ಕಾದ ಕಬ್ಬಿಣ. ಗಾಡಿಗೆ ಬೆಂಕಿ ಹತ್ತುವುದು ಹೀಗೆ.

ಪೈಪಿನ ಆಯ್ಕೆಯಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತೋಟದ ಮೂಲೆಯಲ್ಲಿ ಬಿದ್ದ ನೀರಿನ ಜಿ.ಐ. ಪೈಪು ಮುಟ್ಟಬೇಡಿ. ಅದರ ಮೇಲಿನ ಸತುವಿನ ಲೇಪ ವೆಲ್ಡಿಂಗ್ ಬಿಸಿಗೆ ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಲೇಪ ಇಲ್ಲದ, ದಪ್ಪ ಗೋಡೆಯ ಸಿ ಕ್ಲಾಸ್ ಎಂ.ಎಸ್. ಪೈಪು ಮತ್ತು ರೆಡಿ ಬೆಂಡುಗಳು ಸಾಕು. ಸ್ಟೀಲು ಬೇಕೆನ್ನುವವರು 304 ಹಾಕುತ್ತಾರೆ. ಅದು ತುಕ್ಕು ಹಿಡಿಯುವುದಿಲ್ಲ, ಆದರೆ ಬಿಸಿಗೆ ಹೆಚ್ಚು ಹಿಗ್ಗುತ್ತದೆ.

ಮನೆಯಲ್ಲಿ ಮಾಡಿದ ಮ್ಯಾನಿಫೋಲ್ಡು ಬಿರುಕು ಬಿಡುವುದೇ ಈ ಹಿಗ್ಗುವಿಕೆಯಿಂದ. 40 ಸೆಂ.ಮೀ. ಉದ್ದದ ಎಂ.ಎಸ್. ಪೈಪು 600 ಡಿಗ್ರಿ ಬಿಸಿಯೇರಿದರೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, 304 ಆದರೆ 4 ಮಿ.ಮೀ. ದಾಟುತ್ತದೆ. ಎಂಜಿನ್ ಹೆಡ್ ನೀರಿನಿಂದ ತಂಪಾಗಿರುವುದರಿಂದ ಅದು ಅಷ್ಟು ಬೆಳೆಯುವುದಿಲ್ಲ. ಎಳೆದಾಟದಲ್ಲಿ ಸೋಲುವುದು ವೆಲ್ಡಿಂಗಿನ ಅಂಚು, ಇಲ್ಲವೇ ತುದಿಯ ಬೋಲ್ಟು. ಅದಕ್ಕೇ ತುದಿಯ ತೂತುಗಳನ್ನು ಸ್ವಲ್ಪ ಉದ್ದ ಮಾಡುತ್ತಾರೆ, ಫ್ಲೇಂಜನ್ನು ಸಿಲಿಂಡರುಗಳ ನಡುವೆ ಸೀಳಿ ಬಿಡುತ್ತಾರೆ. ವೆಲ್ಡಿಂಗ್ ಮಾಡುವಾಗ ಇಡೀ ಫ್ಲೇಂಜನ್ನು ದಪ್ಪ ಕಬ್ಬಿಣದ ಹಲಗೆಗೆ ಬೋಲ್ಟು ಹಾಕಿ ಬಿಗಿಯಬೇಕು, ಇಲ್ಲದಿದ್ದರೆ ತಣ್ಣಗಾಗುವಾಗ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಟರ್ಬೊಗೆ ಬೇರೆ ಆಸರೆ ಕೊಡಬೇಕು. ಒಳಗೆ ವೆಲ್ಡಿಂಗ್ ಗುಳ್ಳೆ ಉಳಿಯಬಾರದು. ಕಿತ್ತುಬಂದ ಒಂದು ಸಣ್ಣ ಚೂರು ಸಾಕು, ನಿಮಿಷಕ್ಕೆ ಲಕ್ಷ ಸುತ್ತು ತಿರುಗುವ ಚಕ್ರದ ರೆಕ್ಕೆ ಮುರಿಯುತ್ತದೆ.

ಕೊಳವೆ ಚೆನ್ನಾಗಿ ಬಂದರೂ ಎಂಜಿನ್ ಹಳೆಯದೇ. ಟರ್ಬೊಗೆಂದೇ ಕಟ್ಟಿದ ಎಂಜಿನ್ನಿನಲ್ಲಿ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಡೀಸೆಲ್ ಪಂಪು, ಎಣ್ಣೆ ತಂಪು ಮಾಡುವ ವ್ಯವಸ್ಥೆ ಎಲ್ಲವೂ ಆ ಒತ್ತಡಕ್ಕೆ ತಕ್ಕಂತೆ ಇರುತ್ತವೆ. ಟರ್ಬೊ ಕೂರಿಸಿ, ಪಂಪು ತಿರುವಿ ಡೀಸೆಲ್ ಹೆಚ್ಚಿಸಿದರೆ ನಾಲ್ಕು ದಿನ ಜೀಪು ಹಾರುತ್ತದೆ. ಐದನೆಯ ದಿನ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಮಳೆಗಾಲದ ರಾತ್ರಿ ಆಸ್ಪತ್ರೆಗೆ ಓಡುವ ಗಾಡಿಯೂ ಅದೇ ಒಂದಾಗಿದ್ದರೆ, ಪಿಕಪ್ಪಿಗಿಂತ ನಂಬಿಕೆ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಇದ್ದಾರೆ, ಅವರ ಜೀಪು ಅವರದು.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ, ಆರ್‌ಸಿಯಲ್ಲಿ ಬರೆದ ವಿವರಕ್ಕೆ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ರಸ್ತೆಗೆ ಇಳಿಯುವ ಗಾಡಿಯಾದರೆ ಕೈಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ವಿಮೆಯ ಹಣ ತಕರಾರಿಗೆ ಬೀಳುವುದೂ ಇಂಥ ಗಾಡಿಗಳದ್ದೇ.

ಈಗಾಗಲೇ ಯಾರದೋ ಶೆಡ್ಡಿನಲ್ಲಿ ಟರ್ಬೊ ಕೂರಿಸಿದ ಜೀಪನ್ನು ಕೊಳ್ಳಲು ಹೊರಟಿದ್ದರೆ, ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿಸಿ. ಟಾರ್ಚು ಹಾಕಿ ಫ್ಲೇಂಜಿನ ಅಂಚು, ಎರಡು ಮತ್ತು ಮೂರನೆಯ ಪೈಪು ಸೇರುವ ಜಾಗ, ಟರ್ಬೊ ಕೂತ ಮೂತಿ ನೋಡಿ. ಎಲ್ಲಾದರೂ ಕೂದಲೆಳೆಯಷ್ಟು ಕಪ್ಪು ಮಸಿಯ ಗೆರೆ ಕಂಡರೆ ಹೊಗೆ ಅಲ್ಲಿಂದ ಸೋರುತ್ತಿದೆ. ಮಾರುವವರು ಅದನ್ನು ಒರೆಸಿಟ್ಟಿರಬಹುದು. ಅದಕ್ಕೆ ಒಂದು ಸಲ ಏರಿನಲ್ಲಿ ಓಡಿಸಿ ತಂದು, ತಣ್ಣಗಾಗಲು ಬಿಟ್ಟು, ಮತ್ತೊಮ್ಮೆ ಎತ್ತಿಸಿ ನೋಡಿ.